ಹಳೆಯ ಕೇಸು: ಮಾಲಿಕರ ಕೈಯ ಮೂಗುದಾರ



ಹೊಟೇಲಿನ ಕೆಲಸಕ್ಕೆ ಬೇಕಾದುದೇನು? ನಸುಕಿನ ನಾಲ್ಕು ಗಂಟೆಗೆ ಏಳುವ ಮೈ, ಬೆಂಕಿಯ ಮುಂದೆ ನಿಲ್ಲುವ ತಾಳ್ಮೆ, ಹತ್ತು ಮೇಜಿನ ಆರ್ಡರು ನೆನಪಿಟ್ಟುಕೊಳ್ಳುವ ತಲೆ. ಇವನ್ನು ನೋಡಿ ಕೆಲಸ ಕೊಡುವುದು ನ್ಯಾಯ. ಆದರೆ ಇಂದು ದೊಡ್ಡ ಹೊಟೇಲು, ಕಂಪೆನಿ ಕ್ಯಾಂಟೀನು, ಸೆಕ್ಯುರಿಟಿ ಏಜೆನ್ಸಿ, ಎಲ್ಲಿಗೇ ಹೋಗಿ, ಮೊದಲು ಕೇಳುವುದು ಇವು ಯಾವುದನ್ನೂ ಅಲ್ಲ. "ನಿನ್ನ ಮೇಲೆ ಕೇಸು ಉಂಟೋ? ಪೊಲೀಸ್ ಸರ್ಟಿಫಿಕೇಟು ತಂದಿದ್ದೀಯೋ?" ಎಂಬುದೇ ಮೊದಲ ಪ್ರಶ್ನೆ. ಉಂಟು ಎಂದವನಿಗೆ ಎರಡನೆಯ ಪ್ರಶ್ನೆಯೇ ಇಲ್ಲ. ಯಾವ ಕೇಸು, ಎಂದಿನದು, ಏನಾಯಿತು, ತೀರ್ಪು ಏನು ಬಂತು ಎಂದು ಕೇಳುವ ವ್ಯವಧಾನ ಯಾರಿಗೂ ಇಲ್ಲ. ಅರ್ಜಿ ಹಿಂದಕ್ಕೆ, ಬಾಗಿಲು ಹೊರಕ್ಕೆ!

ಇದು ಕಳ್ಳರ ಸಮಸ್ಯೆ, ನಮಗೇನು ಎಂದು ನಮ್ಮಲ್ಲೇ ಹಲವರು ಸುಮ್ಮನಿದ್ದಾರೆ. ಇದು ಕಳ್ಳರ ಸಮಸ್ಯೆಯಲ್ಲ, ನಮ್ಮೆಲ್ಲರ ಕೂಲಿಯ ಸಮಸ್ಯೆ ಎಂದು ತೋರಿಸುವುದೇ ಈ ಲೇಖನದ ಉದ್ದೇಶ.

ದೊಡ್ಡ ಬಾಗಿಲು ಮುಚ್ಚಿದ ಮೇಲೆ ಆ ಮನುಷ್ಯ ಎಲ್ಲಿಗೆ ಹೋಗುತ್ತಾನೆ? ಹೊಟ್ಟೆಯಂತೂ ಸರ್ಟಿಫಿಕೇಟು ಕೇಳುವುದಿಲ್ಲ. ಅವನು ಗಲ್ಲಿಯ ಸಣ್ಣ ಹೊಟೇಲಿನ ಹಿಂಬಾಗಿಲಿಗೆ ಹೋಗುತ್ತಾನೆ. ಅಲ್ಲಿ ಕೆಲಸ ಸಿಗುತ್ತದೆ! ನಮ್ಮ ಸಂಘಕ್ಕೆ ದೂರು ತಂದ ಒಬ್ಬ ಹುಡುಗನ ಸಂಗತಿ ಕೇಳಿ. ಯಾವುದೋ ಬಂದ್ ದಿನ ಗುಂಪಿನಲ್ಲಿ ಸಿಕ್ಕಿಬಿದ್ದವನು. ಕೇಸು ಇನ್ನೂ ಕೋರ್ಟಿನಲ್ಲಿದೆ, ತೀರ್ಪಾಗಿಲ್ಲ. ಕ್ಯಾಂಟೀನಿನ ಗುತ್ತಿಗೆದಾರ ಬೇಡವೆಂದ. ಆಮೇಲೆ ಒಂದು ಹೊಟೇಲಿನವರು, "ನಿನ್ನಂಥವನನ್ನು ಬೇರೆ ಯಾರು ಇಟ್ಟುಕೊಳ್ಳುತ್ತಾರೆ?" ಎಂದು ಉಪಕಾರದ ಮಾತಾಡಿ, ಜೊತೆಯವರಿಗಿಂತ ಕಡಿಮೆ ಸಂಬಳಕ್ಕೆ ಇಟ್ಟುಕೊಂಡರು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಪ್ರಾವಿಡೆಂಟ್ ಫಂಡಿಲ್ಲ. ವಾರದ ರಜೆ ಕೇಳಿದ ದಿನ ಬಂದ ಉತ್ತರ: "ಸ್ಟೇಷನ್ನಿಗೆ ಒಂದು ಫೋನು ಮಾಡಲೋ?"

ಈ ಮಾತನ್ನು ಇನ್ನೊಮ್ಮೆ ಓದಿ. ಹಳೆಯ ಕೇಸು ಕೆಲಸಗಾರನನ್ನು ಹೊಟೇಲಿನಿಂದ ಹೊರಗಿಡುವುದಿಲ್ಲ. ಬಾಯಿ ಕಟ್ಟಿ ಒಳಗಿಡುತ್ತದೆ. ಎತ್ತಿಗೆ ಮೂಗುದಾರ ಹಾಕುವುದು ಅದನ್ನು ಓಡಿಸುವುದಕ್ಕಲ್ಲ, ಉಳುವುದಕ್ಕೆ. ಒಬ್ಬನನ್ನು ಕಡಿಮೆ ಕೂಲಿಗೆ ದುಡಿಸಲು ಸಾಧ್ಯವಾದಲ್ಲಿ, ಅವನ ಪಕ್ಕದಲ್ಲಿ ನಿಂತ ಕೇಸಿಲ್ಲದವನ ಕೂಲಿ ಹೇಗೆ ಏರೀತು? "ನಿನಗೆ ಬೇಡವಾದರೆ ಅವನಿದ್ದಾನೆ" ಎಂದು ಧಣಿ ಹೇಳುವುದು ಅವನನ್ನು ತೋರಿಸಿಯೇ ಅಲ್ಲವೇ?

ಇನ್ನು ಈ ಕೇಸುಗಳೆಂದರೆ ಏನೆಂದು ನೋಡೋಣ. ಕೇಸು ದಾಖಲಾಗುವುದು ಬೇರೆ, ಅಪರಾಧ ಸಿದ್ಧವಾಗುವುದು ಬೇರೆ. ನಮ್ಮ ದೇಶದ ಜೈಲುಗಳಲ್ಲಿರುವವರ ಸರಕಾರಿ ಲೆಕ್ಕವನ್ನೇ ತೆಗೆದುಕೊಳ್ಳಿ. 2022ರ ಕೊನೆಗೆ ಅಲ್ಲಿದ್ದವರಲ್ಲಿ ನಾಲ್ಕರಲ್ಲಿ ಮೂರು ಮಂದಿ ವಿಚಾರಣೆ ಮುಗಿಯದವರು. ಅಂದರೆ ಕಾನೂನಿನ ಕಣ್ಣಿನಲ್ಲಿ ಇನ್ನೂ ನಿರ್ದೋಷಿಗಳು. ಜಾಮೀನಿಗೆ ಜನ ಸಿಗದೆ, ವಕೀಲರಿಗೆ ಹಣವಿಲ್ಲದೆ ಒಳಗೆ ಉಳಿಯುವವರು ಯಾರು? ಕಾರಿನಲ್ಲಿ ತಿರುಗುವವರಲ್ಲ, ನಮ್ಮಂಥವರು.

ಈ ನಗರದಲ್ಲಿ ಬಡವನ ಮೇಲೆ ಕೇಸು ಬೀಳಲು ಅಪರಾಧವೇ ಆಗಬೇಕೆಂದೂ ಇಲ್ಲ. 1951ರ ಮುಂಬಯಿ ಪೊಲೀಸ್ ಕಾಯಿದೆಯನ್ನು ಇಂದು ಮಹಾರಾಷ್ಟ್ರ ಪೊಲೀಸ್ ಕಾಯಿದೆ ಎನ್ನುತ್ತಾರೆ. ಸೂರ್ಯ ಮುಳುಗಿದ ಮೇಲೆ ಬೀದಿಯಲ್ಲಿ ಮಲಗಿದವನು ಅಥವಾ ಸುಳಿದಾಡಿದವನು 'ಕಳ್ಳನೆಂದು ಹೆಸರಾದವ'ನಾಗಿದ್ದು, ತಾನೇಕೆ ಅಲ್ಲಿದ್ದೇನೆಂದು ಸಮಾಧಾನಕರ ಉತ್ತರ ಕೊಡದಿದ್ದರೆ ಅದರ 122ನೆಯ ಕಲಮಿನಂತೆ ಅವನನ್ನು ಹಿಡಿಯಬಹುದು. ಹೊಟೇಲು ಮುಚ್ಚಿದ ಮೇಲೆ ಮಲಗಲು ಜಾಗವಿಲ್ಲದೆ ಫುಟ್‌ಪಾತಿನಲ್ಲಿ ಚಾಪೆ ಹಾಸಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ಹೆಸರು ಕೆಟ್ಟಿದ್ದರಿಂದ ಕೇಸು, ಕೇಸು ಬಿದ್ದದ್ದರಿಂದ ಇನ್ನಷ್ಟು ಕೆಟ್ಟ ಹೆಸರು. ಈ ಗಾಣದಿಂದ ಹೊರಬರುವ ದಾರಿ ಯಾವುದು?

ಇನ್ನೊಂದು ಬಗೆಯ ಕೇಸು ಉಂಟು. ಅದನ್ನು ಗಿರಣಿಯವರು ಚೆನ್ನಾಗಿ ಬಲ್ಲರು. 1982ರ ಜನವರಿ 18ರಂದು ಈ ನಗರದ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಮುಷ್ಕರವೆಂದರೆ ಗೇಟಿನ ಮುಂದೆ ನಿಲ್ಲುವುದು, ಘೋಷಣೆ ಕೂಗುವುದು, ಮೆರವಣಿಗೆ ಹೋಗುವುದು. ಪೊಲೀಸರ ಭಾಷೆಯಲ್ಲಿ ಇವುಗಳ ಹೆಸರು ಬೇರೆ: ಅಕ್ರಮ ಕೂಟ, ದಾರಿಗೆ ಅಡ್ಡಿ, ಆಜ್ಞಾಭಂಗ. 2024ರ ಜುಲೈ 1ರಿಂದ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಲಮುಗಳ ನಂಬರು ಬದಲಾಗಿದೆ, ಈ ಹೆಸರುಗಳು ಬದಲಾಗಿಲ್ಲ. ಗಿರಣಿ ಮುಚ್ಚಿದ ಮೇಲೆ ವಾಚ್‌ಮನ್ ಕೆಲಸ ಹುಡುಕಿಕೊಂಡು ಹೋಗಬೇಕಾಯಿತು. 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯಿದೆ ಕಾವಲುಗಾರನ ನಡತೆ, ಪೂರ್ವಚರಿತ್ರೆ ಎರಡನ್ನೂ ಪರಿಶೀಲಿಸಬೇಕೆನ್ನುತ್ತದೆ. ಕೂಲಿಗಾಗಿ ಘೋಷಣೆ ಕೂಗಿದ್ದು ಯಾವ ನಡತೆಗೆ ಕಳಂಕ, ಸ್ವಾಮಿ? 1972ರಲ್ಲಿ ಇದೇ ಭಾರತ ಸರಕಾರ ಸ್ವಾತಂತ್ರ್ಯ ಯೋಧರಿಗೆ ಪಿಂಚಣಿ ಕೊಡಹೊರಟಾಗ, ಸಾಮಾನ್ಯವಾಗಿ ಆರು ತಿಂಗಳು ಜೈಲಿನಲ್ಲಿದ್ದುದನ್ನೇ ಅರ್ಹತೆಯೆಂದು ಎಣಿಸಿತು. ಜೈಲಿಗೆ ಹೋದವರೆಲ್ಲ ಕಳ್ಳರಲ್ಲವೆಂದು ಸರಕಾರಕ್ಕೆ ಗೊತ್ತಿದೆ. ಗೊತ್ತಿಲ್ಲದಂತೆ ನಟಿಸುವವರು ಮಾಲಿಕರು.

ಈಗ ನಮ್ಮನ್ನು ಆಳುವವರ ಕಡೆಗೆ ತಿರುಗೋಣ. 1951ರ ಪ್ರಜಾಪ್ರತಿನಿಧಿ ಕಾಯಿದೆಯ ಪ್ರಕಾರ ಕೇಸು ನಡೆಯುತ್ತಿದೆ ಎಂಬ ಮಾತ್ರಕ್ಕೆ ಯಾರೂ ಚುನಾವಣೆಗೆ ಅನರ್ಹರಲ್ಲ. ಸಾಮಾನ್ಯ ಅಪರಾಧಗಳಲ್ಲಿ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಾದರೆ ಮಾತ್ರ ಅನರ್ಹತೆ. ಅದೂ ಬಿಡುಗಡೆಯಾಗಿ ಆರು ವರ್ಷ ಕಳೆದರೆ ಮುಗಿಯಿತು, ಮತ್ತೆ ನಿಲ್ಲಬಹುದು. 2024ರಲ್ಲಿ ಲೋಕಸಭೆಗೆ ಗೆದ್ದ 543 ಮಂದಿಯಲ್ಲಿ 251 ಮಂದಿ ತಮ್ಮ ಮೇಲೆ ಕ್ರಿಮಿನಲ್ ಕೇಸುಗಳಿವೆ ಎಂದು ತಾವೇ ಪ್ರಮಾಣಪತ್ರದಲ್ಲಿ ಬರೆದುಕೊಟ್ಟವರು. ಅವರನ್ನು ಹೊರಗಟ್ಟಿ ಎಂದು ನಾವು ಇಲ್ಲಿ ಕೇಳುತ್ತಿಲ್ಲ. ತೀರ್ಪು ಬರುವವರೆಗೆ ನಿರ್ದೋಷಿ ಎಂಬ ತತ್ತ್ವ ಅವರಿಗೂ ಇರಲಿ. ಆದರೆ ದೇಶದ ಕಾಯಿದೆ ಬರೆಯುವವನಿಗೆ ಅಡ್ಡಿಯಾಗದ ಕೇಸು ಕಪ್ಪುಬಸಿ ತೊಳೆಯುವವನಿಗೆ ಏಕೆ ಅಡ್ಡಿ? ಕಾನೂನು ಎಂಪಿಗೆ ಒಂದು ಅವಧಿ ಹಾಕಿದೆ, ಮಾಣಿಗೆ ಹಾಕಿಲ್ಲ. ಎಂಪಿಯ ಕಳಂಕಕ್ಕೆ ಆರು ವರ್ಷ, ಮಾಣಿಯ ಕಳಂಕಕ್ಕೆ ಆಯುಷ್ಯ!

ಹಾಗಾದರೆ ನಮ್ಮ ದೇಶದಲ್ಲಿ ಈ ಬಗ್ಗೆ ಕಾನೂನೇ ಇಲ್ಲವೇ? ತುಂಡುತುಂಡಾಗಿ ಉಂಟು. 1958ರ ಪ್ರೊಬೇಷನ್ ಕಾಯಿದೆ ಒಂದು. ಮೊದಲ ಸಲ ಸಣ್ಣ ತಪ್ಪು ಮಾಡಿದವನನ್ನು ಜೈಲಿಗೆ ಕಳಿಸದೆ ಬುದ್ಧಿ ಹೇಳಿಯೋ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಬಿಡಲು ಕೋರ್ಟಿಗೆ ಅಧಿಕಾರವಿದೆ. ಹೀಗೆ ಬಿಟ್ಟವನಿಗೆ, ಶಿಕ್ಷೆಯಾದವರಿಗೆ ಕಾನೂನಿನಿಂದ ಬರುವ ಅನರ್ಹತೆ ತಟ್ಟಬಾರದೆಂದು 12ನೆಯ ಕಲಮು ಹೇಳುತ್ತದೆ. 2015ರ ಬಾಲನ್ಯಾಯ ಕಾಯಿದೆ ಇನ್ನೂ ಮುಂದೆ ಹೋಗಿದೆ. ಹದಿನೆಂಟು ತುಂಬದವನ ಮುಗಿದುಹೋದ ಕೇಸಿನ ಸಂಗತಿಯನ್ನು ನಡತೆಯ ಸರ್ಟಿಫಿಕೇಟಿಗಾಗಿ ಪೊಲೀಸರು ಹೊರಗೆಡಹಬಾರದೆಂದು ಅದರ 74ನೆಯ ಕಲಮು ಖಂಡಿತವಾಗಿ ಹೇಳುತ್ತದೆ. ಚಿಕ್ಕಂದಿನಲ್ಲೇ ಊರು ಬಿಟ್ಟು ಈ ನಗರಕ್ಕೆ ಬಂದ ನಮ್ಮ ಹೊಟೇಲು ಹುಡುಗರು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು.

ಸುಪ್ರೀಂ ಕೋರ್ಟೂ ಮಾತಾಡಿದೆ. ದೆಹಲಿ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ ಒಬ್ಬ ಯುವಕ ರಾಜಿಯಾಗಿ ಮುಗಿದ ಹಳೆಯ ಹೊಡೆದಾಟದ ಕೇಸನ್ನು ಬರೆದಿರಲಿಲ್ಲ. 2011ರಲ್ಲಿ ಕೋರ್ಟು, ಎಳೆಯ ವಯಸ್ಸಿನ ತಪ್ಪನ್ನು ಮನ್ನಿಸಬೇಕು, ಮನುಷ್ಯನನ್ನು ತಿದ್ದಬೇಕೇ ಹೊರತು ಜೀವಮಾನವಿಡೀ ಅಪರಾಧಿಯೆಂದು ಮುದ್ರೆಯೊತ್ತಬಾರದು ಎಂದು ಅವನ ಪರವಾಗಿ ನಿಂತಿತು. 2016ರಲ್ಲಿ ಮೂವರು ನ್ಯಾಯಾಧೀಶರ ಪೀಠ, ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಕೇಸನ್ನು ಮುಚ್ಚಿಟ್ಟಿದ್ದರೂ ಕೆಲಸ ಕೊಡುವವರು ಅದನ್ನು ಕಡೆಗಣಿಸಬಹುದು ಎಂದಿತು. 'ಘೋಷಣೆ ಕೂಗುವುದು' ಎಂಬುದನ್ನೇ ಕೋರ್ಟು ಉದಾಹರಣೆಯಾಗಿ ಎತ್ತಿಕೊಂಡದ್ದನ್ನು ಗಮನಿಸಿ. ಆದರೆ ಅಲ್ಲಿಯೂ 'ಬಹುದು' ಎಂದಿದೆ, 'ತಕ್ಕದ್ದು' ಎಂದಿಲ್ಲ. ಮತ್ತು ಈ ತೀರ್ಪುಗಳೆಲ್ಲ ಸರಕಾರಿ ನೌಕರಿಯವರಿಗೆ ಸಂಬಂಧಿಸಿದವು. ಹೊಟೇಲು ಧಣಿಯನ್ನು, ಗುತ್ತಿಗೆದಾರನನ್ನು ಕಟ್ಟಿಹಾಕುವ ಕಾಯಿದೆ ಇಲ್ಲ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಹೆಣ್ಣುಗಂಡು ಎಂಬ ಭೇದ ಮಾಡಬಾರದೆಂದು ಕೂಲಿ ಸಂಹಿತೆಯಲ್ಲಿದೆ. ಒಳ್ಳೆಯದೇ. ಹಳೆಯ ಕೇಸಿನ ಹೆಸರಿನಲ್ಲಿ ಮಾಡುವ ಭೇದವನ್ನು ತಡೆಯುವ ಕಲಮನ್ನು ಮಾತ್ರ ಯಾರೂ ಬರೆಯಲಿಲ್ಲ.

ಬೇರೆ ದೇಶಗಳಲ್ಲಿ ಇದು ಆಗಿದೆ. ಇಂಗ್ಲೆಂಡಿನಲ್ಲಿ 1974ರಲ್ಲೇ ಕಾಯಿದೆ ಬಂತು. ಶಿಕ್ಷೆ ಮುಗಿದು, ಗೊತ್ತುಪಡಿಸಿದ ಕಾಲ ತಪ್ಪಿಲ್ಲದೆ ಕಳೆದರೆ ಆ ಶಿಕ್ಷೆ 'ತೀರಿದ' ಶಿಕ್ಷೆ. ಸಾಮಾನ್ಯ ಕೆಲಸಗಳಿಗೆ ಅದನ್ನು ಹೇಳಬೇಕಾಗಿಲ್ಲ. 2023ರ ಅಕ್ಟೋಬರದಿಂದ ಆ ಕಾಲವನ್ನು ಇನ್ನೂ ಕಡಿಮೆ ಮಾಡಿದ್ದಾರೆ: ಒಂದು ವರ್ಷದೊಳಗಿನ ಜೈಲುಶಿಕ್ಷೆಯಾದರೆ, ಅದು ಮುಗಿದ ಮೇಲೆ ಒಂದೇ ವರ್ಷ. ಅಮೆರಿಕದಲ್ಲಿ ಕೆಲಸದ ಅರ್ಜಿಯಲ್ಲಿ ಒಂದು ಸಣ್ಣ ಚೌಕವಿರುತ್ತಿತ್ತು, ಶಿಕ್ಷೆಯಾಗಿದ್ದರೆ ಅದರಲ್ಲಿ ಗುರುತು ಹಾಕಬೇಕು. ಆ ಚೌಕವನ್ನು ಅಳಿಸಿ ಎಂದು ಕೂಗೆಬ್ಬಿಸಿದವರು ಜೈಲಿನಿಂದ ಬಂದವರೇ, ಕ್ಯಾಲಿಫೋರ್ನಿಯದಲ್ಲಿ ತಾವೇ ಸಂಘ ಕಟ್ಟಿಕೊಂಡು. ಹವಾಯಿ ರಾಜ್ಯ 1998ರಲ್ಲೇ ದಾರಿ ತೋರಿಸಿತ್ತು. ಕ್ಯಾಲಿಫೋರ್ನಿಯದಲ್ಲಿ 2018ರಿಂದ ಐದು ಅಥವಾ ಹೆಚ್ಚು ಜನರನ್ನಿಟ್ಟುಕೊಂಡ ಮಾಲಿಕ ಮೊದಲು ಕೆಲಸಕ್ಕೆ ಆರಿಸಬೇಕು, ಆಮೇಲೆ ಕೇಳಬೇಕು. ಬೇಡವೆನ್ನುವುದಾದರೆ ಆ ಅಪರಾಧ ಎಷ್ಟು ದೊಡ್ಡದು, ಎಷ್ಟು ಕಾಲವಾಯಿತು, ಈ ಕೆಲಸಕ್ಕೂ ಅದಕ್ಕೂ ಏನು ಸಂಬಂಧ ಎಂದು ತೂಗಿ ನೋಡಿ, ಬರವಣಿಗೆಯಲ್ಲಿ ತಿಳಿಸಿ, ಉತ್ತರ ಕೊಡಲು ಕನಿಷ್ಠ ಐದು ಕೆಲಸದ ದಿನ ಬಿಡಬೇಕು. ಶಿಕ್ಷೆಯಾಗದೆ ಮುಗಿದ ಕೇಸನ್ನು ಲೆಕ್ಕಕ್ಕೇ ಹಿಡಿಯುವಂತಿಲ್ಲ.

ಅಲ್ಲಿ ಎಲ್ಲವೂ ಸರಿಯಾಯಿತೆಂದು ನಾವು ಹೇಳುವುದಿಲ್ಲ. ಮಿಲ್ವಾಕಿ ಎಂಬ ಊರಿನಲ್ಲಿ ನಡೆಸಿದ ಒಂದು ಪರೀಕ್ಷೆಯ ಫಲ 2003ರಲ್ಲಿ ಹೊರಬಂತು. ಒಂದೇ ಬಗೆಯ ಯೋಗ್ಯತೆಯವರನ್ನು ಕೆಲಸ ಕೇಳಲು ಕಳಿಸಿದಾಗ, ಜೈಲಿನ ದಾಖಲೆಯಿಲ್ಲದ ಬಿಳಿಯರನ್ನು ನೂರಕ್ಕೆ 34 ಸಲ ಕರೆದರು, ದಾಖಲೆಯಿದ್ದ ಬಿಳಿಯರನ್ನು 17 ಸಲ. ದಾಖಲೆಯಿಲ್ಲದ ಕರಿಯರನ್ನು 14 ಸಲ, ದಾಖಲೆಯಿದ್ದವರನ್ನು ಬರೇ 5 ಸಲ. ಜೈಲು ನೋಡದ ಕರಿಯನಿಗಿಂತ ಜೈಲಿನಿಂದ ಬಂದ ಬಿಳಿಯನೇ ಮಾಲಿಕರಿಗೆ ಮೇಲಾದ! ಆಮೇಲೆ ಚೌಕ ಅಳಿಸಿದ ಕಡೆಗಳಲ್ಲೂ, ಕೇಸು ತಿಳಿಯದ ಮಾಲಿಕರು ಮೈಬಣ್ಣ ನೋಡಿ ಊಹೆ ಮಾಡತೊಡಗಿದರು ಎಂದು 2018ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ ತೋರಿಸಿತು. ಇದನ್ನು ಹಿಡಿದುಕೊಂಡು "ನೋಡಿ, ಕಾಯಿದೆಯಿಂದ ಪ್ರಯೋಜನವಿಲ್ಲ" ಎನ್ನುವವರಿದ್ದಾರೆ. ನಾವು ಕಲಿಯುವ ಪಾಠ ಬೇರೆ. ಪ್ರಶ್ನೆಯೊಂದನ್ನು ಅಳಿಸಿದರೆ ಸಾಲದು, ಬೇಡವೆಂದುದಕ್ಕೆ ಲಿಖಿತ ಕಾರಣ ಕೊಡುವಂತೆ ಮಾಲಿಕನನ್ನು ಕಟ್ಟಿಹಾಕಬೇಕು. ಇಲ್ಲವಾದರೆ ಅಲ್ಲಿ ಬಣ್ಣ ನೋಡಿದಂತೆ ಇಲ್ಲಿ ಜಾತಿ ನೋಡುತ್ತಾರೆ, ಹೆಸರು ನೋಡುತ್ತಾರೆ. ನಮ್ಮ ದೇಶಕ್ಕೆ ಇದು ಹೊಸದೂ ಅಲ್ಲ. 1871ರಲ್ಲಿ ಬ್ರಿಟಿಷರು ಇಡೀ ಇಡೀ ಜಾತಿಗಳನ್ನೇ 'ಅಪರಾಧಿ ಬುಡಕಟ್ಟು' ಎಂದು ಪಟ್ಟಿ ಮಾಡಿದರು. ಆ ಕಾಯಿದೆ 1952ರಲ್ಲಿ ರದ್ದಾಯಿತು, ಆ ಕಣ್ಣು ಇನ್ನೂ ರದ್ದಾಗಿಲ್ಲ.

ಮಾಲಿಕರ ವಾದವನ್ನೂ ಕೇಳೋಣ. "ಗಲ್ಲೆಯಲ್ಲಿ ಹಣವಿರುತ್ತದೆ, ಗಿರಾಕಿಗಳ ಸುರಕ್ಷೆ ನಮ್ಮ ಜವಾಬ್ದಾರಿ" ಎನ್ನುತ್ತಾರೆ. ಗಲ್ಲೆಯ ಹಣ ಕದ್ದು ಇತ್ತೀಚೆಗಷ್ಟೇ ಶಿಕ್ಷೆಯಾದವನನ್ನು ಗಲ್ಲೆಯ ಮೇಲೆ ಕೂರಿಸಿ ಎಂದು ನಾವು ಹೇಳುವುದಿಲ್ಲ. ಹೆಂಗಸರ ಮೇಲೆ, ಮಕ್ಕಳ ಮೇಲೆ ಕೈಮಾಡಿ ಶಿಕ್ಷೆಗೊಳಗಾದವನನ್ನು ಶಾಲೆಯ ಅಡಿಗೆಮನೆಗೆ ಕಳಿಸಿ ಎಂದೂ ಹೇಳುವುದಿಲ್ಲ. ಕೆಲಸಕ್ಕೂ ಅಪರಾಧಕ್ಕೂ ನೇರ ಸಂಬಂಧವಿದ್ದರೆ ನೋಡಲಿ. ಆದರೆ ಹತ್ತು ವರ್ಷದ ಹಿಂದೆ ಮಟ್ಕಾ ಆಡುವಾಗ ಸಿಕ್ಕಿಬಿದ್ದವನು ದೋಸೆ ಹೊಯ್ದರೆ ದೋಸೆ ಕಹಿಯಾಗುತ್ತದೆಯೇ? ಇನ್ನೊಂದು ಮಾತು. ಜೈಲಿನಿಂದ ಬಂದವನು ತಿದ್ದಿಕೊಳ್ಳಲಿ, ಆಮೇಲೆ ಕೆಲಸ ಕೊಡೋಣ ಎನ್ನುತ್ತಾರೆ. ಕೆಲಸವಿಲ್ಲದೆ ತಿದ್ದಿಕೊಳ್ಳುವುದು ಹೇಗೆ? ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು! ಗಿರಾಕಿಯ ಸುರಕ್ಷೆಯ ಬಗ್ಗೆ ನಿಜವಾದ ಚಿಂತೆಯಿದ್ದವರು ಹಿಂಬಾಗಿಲಿನಿಂದ ಅರ್ಧ ಸಂಬಳಕ್ಕೆ ಅದೇ ಮನುಷ್ಯನನ್ನು ಏಕೆ ಸೇರಿಸಿಕೊಳ್ಳುತ್ತಾರೆ? ಸಂಬಳ ಕಡಿಮೆಯಾದೊಡನೆ ಅಪಾಯವೂ ಕಡಿಮೆಯಾಯಿತೇ?

ಆದುದರಿಂದ ನಮ್ಮ ಬೇಡಿಕೆ ಇಷ್ಟು. ಒಂದು, ಕೆಲಸಕ್ಕೆ ಆರಿಸಿದ ಮೇಲೆ ಮಾತ್ರ ಕೇಸಿನ ಪ್ರಶ್ನೆ ಕೇಳತಕ್ಕದ್ದು. ಎರಡು, ಖುಲಾಸೆಯಾದ, ರಾಜಿಯಾದ, ತೀರ್ಪಾಗದ ಕೇಸು ಕೆಲಸ ತಪ್ಪಿಸಲು ಕಾರಣವಾಗಬಾರದು. ಮೂರು, ಶಿಕ್ಷೆಯಾಗಿದ್ದರೂ ಈ ಕೆಲಸಕ್ಕೆ ಸಂಬಂಧವಿದ್ದುದನ್ನು ಮಾತ್ರ, ಗೊತ್ತಾದ ಅವಧಿಯವರೆಗೆ ಮಾತ್ರ ಪರಿಗಣಿಸತಕ್ಕದ್ದು. ನಾಲ್ಕು, ಮುಷ್ಕರ, ಮೆರವಣಿಗೆ, ಘೋಷಣೆಯ ಕೇಸುಗಳನ್ನು ಪೂರ್ತಿ ಹೊರಗಿಡತಕ್ಕದ್ದು. ಐದು, ಬೇಡವೆನ್ನುವವರು ಲಿಖಿತ ಕಾರಣ ಕೊಡತಕ್ಕದ್ದು, ಉತ್ತರಕ್ಕೆ ದಿನ ಕೊಡತಕ್ಕದ್ದು. ಆರು, ಹಳೆಯ ಕೇಸು ತೋರಿಸಿ ಸಂಬಳ ಕಡಿಮೆ ಮಾಡುವವರಿಗೆ, ಪೊಲೀಸರ ಹೆಸರು ಹೇಳಿ ಬೆದರಿಸುವವರಿಗೆ ದಂಡವಾಗತಕ್ಕದ್ದು. ಆರನೆಯದು ಇಲ್ಲದೆ ಮೊದಲಿನ ಐದೂ ಕಾಗದದ ಹೂವು.

ಕಾಯಿದೆ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಸಣ್ಣ ಕೇಸಿನಲ್ಲಿ "ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೋಗು, ಒಂದು ಗಂಟೆಯಲ್ಲಿ ಮುಗಿಯುತ್ತದೆ" ಎಂದು ಯಾರಾದರೂ ಹೇಳಿದರೆ ಹುಷಾರು! ದಂಡ ಕಟ್ಟುವುದೂ ಶಿಕ್ಷೆಯೇ, ಅದು ದಾಖಲೆಯಲ್ಲಿ ಉಳಿಯುತ್ತದೆ. ಆ ದಿನದ ಸಂಬಳ ಹೋದರೂ ಹೋಗಲಿ, ವಕೀಲರನ್ನು ಕೇಳಿ. ಮೊದಲ ತಪ್ಪಾಗಿದ್ದರೆ ಪ್ರೊಬೇಷನ್ ಕಾಯಿದೆಯಂತೆ ಬಿಡುವಂತೆ ಕೋರ್ಟನ್ನು ಬೇಡಿಕೊಳ್ಳಿ. ವಕೀಲರಿಗೆ ಹಣವಿಲ್ಲದವರು ಕೋರ್ಟಿನ ಉಚಿತ ಕಾನೂನು ನೆರವಿನ ಕಚೇರಿಗೆ ಹೋಗಬಹುದು. ಖುಲಾಸೆಯಾದವರು ತೀರ್ಪಿನ ದೃಢೀಕೃತ ಪ್ರತಿ ತೆಗೆದು ಜೋಪಾನವಾಗಿಡಿ, ಅದು ನಿಮ್ಮ ರೇಷನ್ ಕಾರ್ಡಿನಷ್ಟೇ ಬೆಲೆಯುಳ್ಳದ್ದು. ಸರಕಾರಿ ನೌಕರಿಯ ಫಾರ್ಮಿನಲ್ಲಿ ಕೇಳಿದ್ದರೆ ಸುಳ್ಳು ಬರೆಯಬೇಡಿ. ಕೇಸಿಗಿಂತ ಸುಳ್ಳೇ ಹೆಚ್ಚು ಮಂದಿಯ ಕೆಲಸ ತೆಗೆದಿದೆ.

ಕೊನೆಗೆ ನಮ್ಮವರಿಗೇ ಒಂದು ಮಾತು. ಈ ನಗರದಲ್ಲಿ ಕನ್ನಡಿಗರ ಸಂಘಗಳಿಗೆ ಕೊರತೆಯಿಲ್ಲ. ರಾತ್ರಿ ಶಾಲೆ ನಡೆಸಿ ಹೊಟೇಲು ಹುಡುಗರಿಗೆ ಅಕ್ಷರ ಕಲಿಸಿದ ದೊಡ್ಡ ಕೆಲಸ ನಮ್ಮ ಹಿರಿಯರದು. ಆದರೆ ಊರಿನ ಹುಡುಗನೊಬ್ಬ ಸ್ಟೇಷನ್ನಿಗೆ ಹೋದನೆಂದು ಕೇಳಿದೊಡನೆ "ಅವನು ನಮ್ಮ ಕಡೆಯವನಲ್ಲ" ಎಂದು ಮುಖ ತಿರುಗಿಸುವವರೂ ನಮ್ಮಲ್ಲಿದ್ದಾರೆ. ಸಂಘದ ಶಿಫಾರಸು ಪತ್ರ ಬೇಕಾಗುವುದು ಯಾರಿಗೆ? ಎಲ್ಲ ಬಾಗಿಲೂ ತೆರೆದಿರುವವನಿಗೋ, ಎಲ್ಲ ಬಾಗಿಲೂ ಮುಚ್ಚಿದವನಿಗೋ? ಕೋರ್ಟು ಕೊಟ್ಟ ಶಿಕ್ಷೆಗೆ ಒಂದು ಕೊನೆಯ ದಿನವಿರುತ್ತದೆ. ಆ ದಿನ ಜೈಲಿನ ಬಾಗಿಲು ತೆರೆಯಲೇಬೇಕು, ಜೈಲರನಿಗೂ ಅದನ್ನು ತಡೆಯುವ ಅಧಿಕಾರವಿಲ್ಲ. ಆ ದಿನದಿಂದ ಮುಂದಕ್ಕೆ ಶಿಕ್ಷೆ ಮುಂದುವರಿಸುವ ಅಧಿಕಾರವನ್ನು ಹೊಟೇಲಿನ ಧಣಿಗೆ, ಗುತ್ತಿಗೆದಾರನಿಗೆ ಕೊಟ್ಟವರು ಯಾರು?

ಯಾರೂ ಕೊಟ್ಟಿಲ್ಲ. ನಾವು ಸುಮ್ಮನಿದ್ದುದರಿಂದ ಅವರು ತೆಗೆದುಕೊಂಡಿದ್ದಾರೆ. ಮುಂದಿನ ಸಲ ನಿಮ್ಮ ಹೊಟೇಲಿನಲ್ಲಿ "ಸ್ಟೇಷನ್ನಿಗೆ ಫೋನು ಮಾಡಲೋ?" ಎಂಬ ಮಾತು ಯಾರ ಮೇಲೆ ಬಿದ್ದರೂ, ಪಕ್ಕದಲ್ಲಿದ್ದವರು ತಟ್ಟೆ ಕೆಳಗಿಟ್ಟು ಅವನ ಜೊತೆ ನಿಲ್ಲಿ. ತಾರೀಕು, ಹೊತ್ತು, ಆಡಿದ ಮಾತು ಬರೆದುಕೊಂಡು ಸಂಘಕ್ಕೆ ಬನ್ನಿ. ಕಾಯಿದೆ ದೆಹಲಿಯಲ್ಲಿ ಬರೆಯಲ್ಪಡಬಹುದು, ಅದರ ಮೊದಲ ಕಲಮನ್ನು ನಾವು ಅಡಿಗೆಮನೆಯಲ್ಲೇ ಬರೆಯಬೇಕು.